ಹದಿನೇಳು ಮೆಟ್ಟಿಲು

ಮೇಜಿನ ತುದಿಯಲ್ಲಿದ್ದ ಯಂತ್ರದ ಹಸಿರು ದೀಪ ಆರಿದೆಯೇ ಎಂದು ಪಶುವೈದ್ಯ ಗೆಥಿನ್ ಪ್ರಾಬರ್ಟ್ ಆ ಮಂಗಳವಾರ ಬೆಳಿಗ್ಗೆ ನಾಲ್ಕನೆಯ ಸಲ ನೋಡಿದ. ಆರಿತ್ತು. ಆದರೂ ಹೊಲಿಗೆಯ ಸೂಜಿಗಳನ್ನಿಡುವ ಸ್ಟೀಲ್ ಬೋಗುಣಿಯನ್ನು ತಂದು ಅದರ ಮೇಲೆ ಕವುಚಿದ. ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದ ಮುದುಕಿ ಮಿಸೆಸ್ ಗಿಟ್ಟಿನ್ಸ್ ಅದನ್ನು ನೋಡಿಯೂ ಏನೂ ಕೇಳದೆ ಸೊಸೆಯ ಮಾತು ಮುಂದುವರಿಸಿದಳು. ಸೊಸೆ ಅಡುಗೆಮನೆಗೆ ಬಣ್ಣ ಹೊಡೆಸಿದ್ದಾಳಂತೆ, ಬೂದು ಬಣ್ಣ, ಒಳಗೆ ಹೋದರೆ ಯಾರೋ ಸತ್ತ ಹಾಗಿದೆಯಂತೆ. ಬೆಕ್ಕಿನ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದ ಗೆಥಿನನಿಗೆ, ಈ ಮಾತುಗಳನ್ನು ತಾನು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವುದು ಅರಿವಿಗೆ ಬಂದು ಬೆರಳುಗಳು ತಡವರಿಸಿದವು. ಮೂವತ್ತೊಂದು ವರ್ಷ ಅವನು ಹೀಗೆ ಕೇಳಿಸಿಕೊಂಡದ್ದೇ ಇಲ್ಲ. ಕೆಲಸ ಕಲಿಸಿದ ಹಿರಿಯ ವೈದ್ಯ ಮೊದಲ ವಾರವೇ ಹೇಳಿಕೊಟ್ಟಿದ್ದ: ಪ್ರಾಣಿ ಹಿಡಿದುಕೊಂಡವರನ್ನು ಮಾತಾಡಿಸುತ್ತಿರು, ಮಾತಾಡುತ್ತಿದ್ದರೆ ಅವರ ಹಿಡಿತ ಸಡಿಲವಾಗುತ್ತದೆ, ಹಿಡಿತ ಸಡಿಲವಾದರೆ ಪ್ರಾಣಿ ಹೆದರುವುದಿಲ್ಲ. ಆವತ್ತಿನಿಂದ ಅವನ ಬಾಯಿ ತನ್ನ ಪಾಡಿಗೆ ಕೇಳುತ್ತಿತ್ತು, ಮಗ ಹೇಗಿದ್ದಾನೆ, ಛಾವಣಿ ರಿಪೇರಿ ಮುಗಿಯಿತೇ, ಈಗ ಎಲ್ಲಿದ್ದೀರಿ. ಕೈ ತನ್ನ ಕೆಲಸ ಮಾಡುತ್ತಿತ್ತು. ಉತ್ತರಗಳು ಕೂದಲಿನ ಜೊತೆ ನೆಲಕ್ಕೆ ಬಿದ್ದು ಸಂಜೆ ಕಸಬರಿಕೆಗೆ ಹೋಗುತ್ತಿದ್ದವು. ಫೆಬ್ರವರಿಯಲ್ಲಿ ಗುಮಾಸ್ತ ಬರುವವರೆಗೆ.

ಮೇಜಿನ ಮೇಲಿನ ಆ ಯಂತ್ರಕ್ಕೆ ಗುಮಾಸ್ತ ಎಂದು ಹೆಸರಿಟ್ಟವಳು ಆಸ್ಪತ್ರೆಯ ವ್ಯವಸ್ಥಾಪಕಿ ಡೆಲಿತ್. ಬಿಸ್ಕತ್ತಿನ ಡಬ್ಬಿಯ ಮುಚ್ಚಳದಷ್ಟಿರುವ ಕಪ್ಪು ಬಿಲ್ಲೆ. ಕೋಣೆಯಲ್ಲಿ ಆಡಿದ ಮಾತನ್ನೆಲ್ಲ ಕೇಳಿ, ತಮಾಷೆಯನ್ನೂ ಹವಾಮಾನವನ್ನೂ ಸೋಸಿ ಎಸೆದು, ಕಾಯಿಲೆಯ ವಿವರವನ್ನು ಚೊಕ್ಕ ವಾಕ್ಯಗಳಲ್ಲಿ ಬರೆದಿಡುತ್ತಿತ್ತು. ಮಾಲೀಕರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಒಂದು ಪತ್ರವನ್ನೂ ತಯಾರಿಸುತ್ತಿತ್ತು. ಅದಕ್ಕೆ ಮುಂಚೆ ಗೆಥಿನ್ ಕೆಲಸ ಮುಗಿದ ಮೇಲೆ ಒಂದೂವರೆ ಗಂಟೆ ಕೂತು ಎರಡು ಬೆರಳಿನಲ್ಲಿ ಟೈಪು ಮಾಡಬೇಕಿತ್ತು. ಅವನ ಟಿಪ್ಪಣಿಗಳು ಅರ್ಧಂಬರ್ಧ ಎಂದು ಡೆಲಿತ್ ಎಲ್ಲರೆದುರು ಅಂದಿದ್ದಳು. ಅವನ ಅರ್ಧ ವಯಸ್ಸಿನ ಇನ್ನೊಬ್ಬ ವೈದ್ಯೆ ಆಗ ಮುಖ ತಿರುಗಿಸಿ ನಕ್ಕದ್ದು ಅವನಿಗೆ ಕಿಟಕಿಯ ಗಾಜಿನಲ್ಲಿ ಕಂಡಿತ್ತು. ಗುಮಾಸ್ತ ಬಂದು ಆ ಅವಮಾನವನ್ನೆಲ್ಲ ಒರೆಸಿ ಹಾಕಿತು. ವೈದ್ಯ ಮಾಡಬೇಕಾದದ್ದು ಇಷ್ಟೇ, ಬರೆದದ್ದನ್ನು ಓದಿ 'ಓದಿದೆ, ಒಪ್ಪಿದೆ' ಎಂಬ ಗುಂಡಿ ಒತ್ತಬೇಕು. ಮೊದಲ ವಾರ ಅವನು ಪ್ರತಿ ಸಾಲನ್ನೂ ಓದಿದ, ಅಲ್ಪವಿರಾಮ ಕೂಡ ತಿದ್ದಿದ. ಎರಡನೆಯ ವಾರ ಮೇಲೆ ಮೇಲೆ ಕಣ್ಣಾಡಿಸಿದ. ಈಸ್ಟರ್ ಹೊತ್ತಿಗೆ ಎಡಗೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಬಲಗೈಯಲ್ಲಿ ಹನ್ನೊಂದು ಹನ್ನೆರಡು ಸಲ ಒಂದೇ ಉಸಿರಿಗೆ ಒತ್ತುವುದು ರೂಢಿಯಾಗಿತ್ತು. ಮಾತು ದಾಖಲಾಗುತ್ತದೆ ಎಂಬ ಸೂಚನೆಯನ್ನು ಹೊರಗಿನ ಗೋಡೆಯಲ್ಲಿ, ಜಂತುಹುಳದ ಮಾತ್ರೆಯ ಜಾಹೀರಾತಿನ ಪಕ್ಕ, ಡೆಲಿತ್ ಅಂಟಿಸಿದ್ದಳು. ಬಂದವರಿಗೆ ಬಾಯಿಬಿಟ್ಟು ಹೇಳಿ ಎಂದೂ ಅಂದಿದ್ದಳು. ಅವನು ಹೇಳುತ್ತಿರಲಿಲ್ಲ. ಹೇಳಿದರೆ ಜನ ಬಿಗಿಯುತ್ತಾರೆ, ಅವರ ಕೈ ಬಿಗಿಯುತ್ತದೆ, ಪ್ರಾಣಿಗೆ ಅದು ತಿಳಿಯುತ್ತದೆ.

"ಅಡುಗೆಮನೆಗೆ ಯಾರಾದ್ರೂ ಬೂದು ಬಣ್ಣ ಹೊಡೆಸ್ತಾರಾ ನೀವೇ ಹೇಳಿ," ಎಂದು ಮಿಸೆಸ್ ಗಿಟ್ಟಿನ್ಸ್ ಕೇಳಿದಳು. ಅವನು ಅವಳನ್ನೇ ನೋಡುತ್ತಿದ್ದ. ಕಳೆದ ಗುರುವಾರ ಇದೇ ಕುರ್ಚಿಯಲ್ಲಿ ನೆರಿಸ್ ಬೆಡೋಸ್ ಕೂತಿದ್ದಳು. ಅವಳ ಕುರಿನಾಯಿ ನೆಲ್ ಹಿಂಗಾಲು ಎತ್ತಿಕೊಂಡು ನಿಂತಿತ್ತು. ಮೆಟ್ಟಿಲು ಹತ್ತುವಾಗ ಕುಂಟುತ್ತಾಳೆ ಎಂದಳು ನೆರಿಸ್. ಬೆಡೋಸ್ ಮನೆಗೆ ಅವನು ಹತ್ತಾರು ಸಲ ಹೋಗಿದ್ದ, ಅದು ಒಂದೇ ಅಂತಸ್ತಿನ ಮನೆ. ಆ ಸಣ್ಣ ಅಸಂಗತಿ ತಲೆಯಲ್ಲಿ ಎಲ್ಲೋ ತಾಗಿ ಬಾಯಿಂದ ಪ್ರಶ್ನೆಯಾಗಿ ಹೊರಬಿತ್ತು, "ಹೌದಾ, ಈಗ ಎಲ್ಲಿದ್ದೀರಿ?" ಅಷ್ಟರಲ್ಲಿ ಬೆರಳಿಗೆ ಮೊಣಕಾಲಿನ ಹರಿದ ಸ್ನಾಯು ಸಿಕ್ಕಿತು. ಇಂಥದ್ದು ಕೈಗೆ ಸಿಕ್ಕಾಗ ಅವನಿಗಾಗುವ ಖುಷಿ ಈ ವಯಸ್ಸಿನಲ್ಲೂ ಕಡಿಮೆಯಾಗಿರಲಿಲ್ಲ. ನೆರಿಸ್ ಏನೋ ಹೇಳಿದಳು, ತುಸು ಹೆಚ್ಚು ಹೊತ್ತೇ ಹೇಳಿದಳು. ಅವನು ಹೂಂ ಹೂಂ ಅಂದಿದ್ದ. ಅವಳ ಒಂದು ಮಾತಾದರೂ ನೆನಪಿಗೆ ಬರಲಿ ಎಂದು ನಿನ್ನೆಯಿಂದ ಹೆಣಗುತ್ತಿದ್ದ. ನೆನಪಿಗೆ ಬರುತ್ತಿದ್ದದ್ದು ಮೊಣಕಾಲು ಮಾತ್ರ.

ಸೋಮವಾರ ಹನ್ನೊಂದಕ್ಕೆ ಫೋನು ಮಾಡಿದವನು ಅವಳ ಗಂಡ ಕ್ಲೈವ್ ಬೆಡೋಸ್. ಬೇಲಿ ಕಟ್ಟುವ, ಬೇಲಿಗಿಡ ಕತ್ತರಿಸುವ ಗುತ್ತಿಗೆದಾರ. ಕ್ರಿಸ್‌ಮಸ್ಸಿಗೆ ತಪ್ಪದೆ ಕಾಡುಹಣ್ಣು ನೆನೆಸಿ ತಾನೇ ಮಾಡಿದ ಸ್ಲೋ ಜಿನ್ ಮದ್ಯದ ಬಾಟಲಿ ತಂದುಕೊಡುವವನು, ಒಂದು ಜನವರಿಯಲ್ಲಿ ಗೆಥಿನನ ಕಾರನ್ನು ಹಿಮದಿಂದ ಟ್ರ್ಯಾಕ್ಟರು ಕಟ್ಟಿ ಎಳೆದುಕೊಟ್ಟವನು.

"ಪತ್ರ ಈಗ ನೋಡ್ದೆ ಗೆಥಿನ್. ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡ್ದೆ," ಅಂದ.

"ಯಾವ ಪತ್ರ?"

"ನಮ್ ನೆಲ್‌ದು. ಪೂರ್ತಿ ಓದ್ದೆ, ಎರಡು ಸಲ ಓದ್ದೆ. ಎಷ್ಟು ವಿವರವಾಗಿ ಬರೀತೀರಪ್ಪ ನೀವು. ಮೊದ್ಲು ಇಷ್ಟು ಬರೀತಿರ್ಲಿಲ್ಲ."

ಫೋನು ಇಟ್ಟ ಮೇಲೆ ಅವನು ಆ ಪತ್ರವನ್ನು ಮೊದಲ ಸಲ ಓದಿದ. ಮೂರು ಸಾಲು ಮೊಣಕಾಲಿನ ಬಗ್ಗೆ, ಒಂದು ಅಕ್ಷರ ತಪ್ಪಿಲ್ಲ. ನಾಲ್ಕನೆಯ ಸಾಲು ಹೀಗಿತ್ತು: 'ನೆಲ್ ಈಗ ಲ್ಯಾನ್‌ಗರೆಗ್ ಪೇಟೆಯ ಬೇಕರಿಯ ಮೇಲಿನ ಕೋಣೆಯಲ್ಲಿ ನೆರಿಸ್ ಅವರೊಬ್ಬರ ಜೊತೆ ವಾಸಿಸುತ್ತಿದ್ದು, ಹಿಂಬದಿಯ ಹದಿನೇಳು ಕಬ್ಬಿಣದ ಮೆಟ್ಟಿಲುಗಳನ್ನು ದಿನಕ್ಕೆ ಹಲವು ಸಲ ಹತ್ತಬೇಕಾಗಿರುವುದು ನೋವಿಗೆ ಕಾರಣವಿರಬಹುದು.' ವೈದ್ಯಕೀಯವಾಗಿ ಸರಿಯಾದ ಸಾಲು. ಅವನೇ ಬರೆಯುವುದಾಗಿದ್ದರೂ ಬರೆಯಬೇಕಾದ ಸಾಲು, ಆದರೆ ಅವನಿಗೆ ಕೇಳಿಸಿರಲಿಲ್ಲ. ಕೆಳಗೆ ಅವನ ಹೆಸರಿತ್ತು, 'ಓದಿದೆ, ಒಪ್ಪಿದೆ' ಎಂದಿತ್ತು, ಶುಕ್ರವಾರದ ಊಟದ ಹೊತ್ತಿನ ಗಂಟೆ ನಿಮಿಷವಿತ್ತು. ಕಳಿಸಿದ್ದು ದಾಖಲೆಯಲ್ಲಿದ್ದ ಮಾಲೀಕನಿಗೆ, ಅಂದರೆ ಕ್ಲೈವ್‌ಗೆ. ಈ ಸೀಮೆಯ ಆಸ್ಪತ್ರೆಗಳಲ್ಲಿ ಮರಿಯನ್ನು ಮೊದಲ ಸಲ ಯಾರು ಹೊತ್ತು ತಂದರೋ ಅವರ ಹೆಸರು ನಾಯಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೆಂಡತಿಯ ಫೋನು ಸೇರುತ್ತದೆ, ಮಗಳ ಫೋನು ಸೇರುತ್ತದೆ, ಮೊದಲ ಸಾಲನ್ನು ಯಾರೂ ಮುಟ್ಟುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಕ್ಲೈವ್ ನೆಲ್‌ಳನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ಬಂದಿದ್ದ. ಅದರ ಕಿವಿ ಮಾತ್ರ ಹೊರಗೆ ಕಾಣುತ್ತಿತ್ತು.

ಡೆಲಿತ್ ಪತ್ರವನ್ನು ನಿಂತೇ ಓದಿದಳು. ಓದಿ ಕೂತಳು. ಕಪಾಟಿನಿಂದ ಕೆಂಪು ಕಡತ ತೆಗೆದು, ಒಬ್ಬರ ಖಾಸಗಿ ವಿವರ ಇನ್ನೊಬ್ಬರ ಕೈಗೆ ಹೋದಾಗ ಮಾಹಿತಿ ರಕ್ಷಣೆಯ ಕಚೇರಿಗೆ ಮೂರು ದಿನದೊಳಗೆ ತಿಳಿಸಬೇಕು ಎನ್ನುವ ಪುಟವನ್ನು ಅವನ ಮುಂದಿಟ್ಟಳು.

"ಕಚೇರಿಗೆ ನಾನು ಬರೀತೀನಿ. ಅವಳಿಗೆ ನೀವು ಹೇಳ್ಬೇಕು, ಈಗ್ಲೇ," ಅಂದಳು.

"ಹೊರಗೆ ಮೂರು ಜನ ಕಾಯ್ತಿದಾರೆ."

"ಕಾಯ್ಲಿ. ಅವ್ರ ಬೆಕ್ಕು ಓಡಿಹೋಗಲ್ಲ."

ಹೂಂ ಅಂದ. ಮೂರು ಬೆಕ್ಕನ್ನೂ ನೋಡಿದ. ಒಂದರ ಉಗುರು ಕತ್ತರಿಸಿದ, ಅದು ನರ್ಸಿನ ಕೆಲಸ. ಆಮೇಲೆ ಸ್ಯಾಂಡ್‌ವಿಚ್ ಬಿಚ್ಚಿ ತಿನ್ನದೆ ಮತ್ತೆ ಸುತ್ತಿದ. ಒಂದು ಗಂಟೆ ಐವತ್ತು ನಿಮಿಷ ಅವನು ನೆರಿಸ್‌ಗೆ ಫೋನು ಮಾಡಲಿಲ್ಲ. ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೇನೆ ಎಂದುಕೊಂಡಿದ್ದ, ಆದರೆ ಅವನಿಗೆ ನಾಚಿಕೆಯಾಗುತ್ತಿತ್ತು, ಅಷ್ಟೇ. ಎರಡು ಚಳಿಗಾಲದ ಹಿಂದೆ ನೆರಿಸ್ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದಳು, ಹಸು ಒದೆಯಿತು ಅಂದಿದ್ದಳು. ಮಾರನೆಯ ವರ್ಷ ಅದೇ ಕೈ, ಅದೇ ಹಸು. ಹಸು ಹೇಗೆ ಒದೆಯುತ್ತದೆ, ಒದೆ ಎಲ್ಲಿ ಬೀಳುತ್ತದೆ ಎಂದು ಈ ಸೀಮೆಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ನಾಯಿ ಅಂಥ ಪೆಟ್ಟು ತಿಂದು ಬಂದಿದ್ದರೆ ತಂದವನನ್ನು ನಿಲ್ಲಿಸಿ ಕೇಳುತ್ತಿದ್ದ. ನೆರಿಸ್‌ಳನ್ನು ಮಳೆಯ ಬಗ್ಗೆ ಕೇಳಿದ್ದ.

ಒಂದಕ್ಕೆ ಹತ್ತು ನಿಮಿಷವಿರುವಾಗ ಫೋನು ಮಾಡಿದ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

"ಸರಿ. ಈಗ ಅರ್ಥ ಆಯ್ತು," ಅಂದಳು.

"ಏನು?"

"ಹನ್ನೆರಡಕ್ಕೆ ಬಂದಿದ್ದ. ಕೆಳಗೆ ಎರಡು ಬನ್ ತಗೊಂಡ, ಹುಡ್ಗೀರ ಹತ್ರ ನಗ್ತಾ ಮಾತಾಡ್ದ. ಆಮೇಲೆ ಹಿಂದೆ ಬಂದು ಮೆಟ್ಲು ಹತ್ತಿದ. ಜೋರಾಗಿ ಎಣಿಸ್ಕೊಂಡು, ಒಂದು, ಎರಡು, ಮೂರು. ನಾನು ಬಾಗ್ಲ ಹಿಂದೆ ನಿಂತಿದ್ದೆ, ನೆಲ್ ಬಾಯಿ ಮುಚ್ಕೊಂಡು. ಹದಿನೇಳು ಅಂದು ನಿಂತ. ಸರಿಯಾಗಿದೆ ಅಂದ. ಇಳ್ಕೊಂಡು ಹೋದ."

ಗೆಥಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಸರಿಯಾಗಿದೆ ಅಂತ ಯಾಕೆ ಅಂದ ಅಂತ ಯೋಚ್ನೆ ಮಾಡ್ತಿದ್ದೆ. ಕಳ್ಸೋ ಮುಂಚೆ ನೀವು ಅದನ್ನ ಓದಿದ್ರಾ?"

ಓದಿದ್ದೆ ಎಂದರೆ ನೀಚನಾಗುತ್ತಿದ್ದ, ಇಲ್ಲ ಎಂದರೆ ಏನಾಗುತ್ತೇನೆ ಎಂಬುದಕ್ಕೆ ಅವನಿಗೆ ಶಬ್ದ ಹೊಳೆಯಲಿಲ್ಲ. "ಇಲ್ಲ," ಅಂದ.

"ಅಂದ್ರೆ ಓದಿದ್ದು ಅವ್ನೊಬ್ನೇ," ಅಂದು ಅವಳು ಫೋನು ಇಟ್ಟಳು.

ಇದೆಲ್ಲ ನಿನ್ನೆಯದು. ಈಗ ಬೆಕ್ಕಿನ ಪೆಟ್ಟಿಗೆ ಎತ್ತಿಕೊಂಡು ಮಿಸೆಸ್ ಗಿಟ್ಟಿನ್ಸ್ ಹೊರಟಳು. ಬಾಗಿಲ ಹತ್ತಿರ ನಿಂತು, "ಯಾಕೋ ಇವತ್ತು ನಿಮ್ಗೆ ಹುಷಾರಿಲ್ಲ ಅನ್ಸತ್ತೆ, ಸುಮ್ನೆ ನನ್ನೇ ನೋಡ್ತಾ ಇದ್ರಿ," ಅಂದಳು. ಅವಳಿಗೆ ಬೇಸರವಾಗಿತ್ತು. ಇಷ್ಟು ವರ್ಷ ಅವನು ಕೇಳಿಸಿಕೊಳ್ಳದಿದ್ದದ್ದು ಅವಳಿಗೆ ಹಿತವಾಗಿತ್ತೋ ಏನೋ.

ಮಧ್ಯಾಹ್ನ ನಾಲ್ಕಕ್ಕೆ ಹಿಂದಿನ ಗೇಟಿನಲ್ಲಿ, ರೈತರು ಕುರಿ ಇಳಿಸುವ ಕಡೆ, ನೆರಿಸ್ ನಿಂತಿದ್ದಳು. ಒಂದು ಕೈಯಲ್ಲಿ ನೆಲ್‌ಳ ಹಗ್ಗ, ಇನ್ನೊಂದರಲ್ಲಿ ಚೀಲ. ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗೆ ಜಾಗ ಕೊಡುವ ಒಂದು ಮನೆ ಸಿಕ್ಕಿದೆ, ಅಲ್ಲಿ ನಾಯಿ ಬಿಡುವುದಿಲ್ಲ ಅಂದಳು. ಬೇಕರಿಯ ಕೋಣೆ ಹುಡುಕಲು ಅವಳಿಗೆ ಐದು ತಿಂಗಳು ಹಿಡಿದಿತ್ತು, ನಾಯಿ ಇದ್ದರೂ ಪರವಾಗಿಲ್ಲ ಎಂದವರು ಆ ಬೇಕರಿಯವರೊಬ್ಬರೇ. "ಎಲ್ಲಿ..." ಎಂದು ಗೆಥಿನನ ಬಾಯಿ ತಾನೇ ಶುರುಮಾಡಿತು. ಅವಳು ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

"ನೀವೊಂದು ಕೆಲ್ಸ ಮಾಡ್ಬೇಕು. ಇವಳು ಸತ್ತೋದ್ಲು ಅಂತ ಬರೀಬೇಕು."

"ನೆರಿಸ್..."

"ಇವಳು ಬದುಕಿರೋ ತನಕ ಅವ್ನಿಗೆ ನನ್ನ ಹುಡ್ಕೊಂಡು ಬರೋಕೆ ಕಾರಣ ಇರತ್ತೆ, ಪೊಲೀಸ್ ಹತ್ರ ಹೋಗೋಕೆ ಕಾರಣ ಇರತ್ತೆ. ನಾಯಿ ನಂದು, ಹೆಂಡ್ತಿ ಕದ್ಕೊಂಡು ಹೋದ್ಲು ಅಂತಾನೆ. ನಿಮ್ ಕಂಪ್ಯೂಟರೇ ಹೌದು ಅನ್ನತ್ತೆ, ಅವ್ನ ಹೆಸರೇ ಇರೋದು. ಸತ್ತೋದ್ರೆ ಮುಗೀತು."

"ಸುಳ್ಳು ದಾಖಲೆ ಬರೆದ್ರೆ ನನ್ನ ಪರವಾನಗಿ ಹೋಗತ್ತೆ."

"ಹೌದು," ಅಂದಳು ನೆರಿಸ್. ಅದರಲ್ಲಿ ಬೇಡಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಗ್ಗಿ ನೆಲ್‌ಳ ಹಣೆಗೆ ಹಣೆ ತಾಗಿಸಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ನೆಲ್ ಅವಳ ಕಿವಿ ನೆಕ್ಕಿತು. ಹಗ್ಗವನ್ನು ಅವನ ಕೈಗೆ ಕೊಟ್ಟು, ಗೇಟು ದಾಟಿ, ಬಸ್ ನಿಲ್ದಾಣದ ದಿಕ್ಕಿಗಲ್ಲದೆ ಇನ್ನೊಂದು ದಿಕ್ಕಿಗೆ ನಡೆದಳು. ಅವಳು ಎತ್ತ ತಿರುಗುತ್ತಾಳೆ ಎಂದು ನೋಡಬಾರದೆಂದು ಅವನು ಗೋಡೆಯ ಕಡೆ ತಿರುಗಿ ನಿಂತ.

ನಾಯಿಯನ್ನು ಹಿಂದಿನ ಪಂಜರದ ಕೋಣೆಯಲ್ಲಿ ಕಟ್ಟಿ, ನಾಳೆ ಮಧ್ಯಾಹ್ನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ತನ್ನ ಮನೆಗೇ ಒಯ್ಯುವುದೆಂದು ಲೆಕ್ಕ ಹಾಕಿದ. ನೀರಿನ ಬಟ್ಟಲು ಇಡುವಾಗ ಡೆಲಿತ್ ಬಾಗಿಲಲ್ಲಿ ನಿಂತಿದ್ದಳು. ನೆಲ್‌ಳನ್ನು ಅವಳು ಮರಿಯಿಂದ ಬಲ್ಲಳು. ಅವನನ್ನು ನೋಡಿದಳು, ನಾಯಿಯ ತಲೆಯ ಮೇಲಿನ ಗೋಡೆ ನೋಡಿದಳು.

"ನಾನು ಈ ನಾಯಿನ ನೋಡಿಲ್ಲ. ನೋಡಿದ್ರೆ ಬರೀಬೇಕಾಗತ್ತೆ," ಅಂದು ಹೋದಳು.

ಅವನು ಕೋಣೆಗೆ ಬಂದು ಬೋಗುಣಿ ಎತ್ತಿದ. ಗುಮಾಸ್ತನ ದೀಪ ಹಚ್ಚಿದ. ಯಾರೂ ಇಲ್ಲದ ಕೋಣೆಯಲ್ಲಿ, ಖಾಲಿ ಮೇಜಿನ ಮೇಲೆ ಒಂದು ಕೈಯಿಟ್ಟುಕೊಂಡು, ಪ್ರಾಣಿ ಇರುವಾಗ ಆಡುವ ಮೃದು ದನಿಯಲ್ಲಿ ಹೇಳಿದ, "ನೆಲ್, ಹನ್ನೆರಡು ವರ್ಷ, ಮೊಣಕಾಲಿನ ಸ್ನಾಯು ಹರಿದಿದೆ, ಮೂತ್ರಪಿಂಡವೂ ಕೆಟ್ಟಿದೆ. ಇವತ್ತು ಚುಚ್ಚುಮದ್ದು ಕೊಟ್ಟು ಚಿರನಿದ್ರೆಗೆ ಮಲಗಿಸಲಾಯಿತು." ಮೂತ್ರಪಿಂಡ ಅವನೇ ಸೇರಿಸಿದ್ದು. ಸುಳ್ಳಿಗೂ ಒಂದು ಕಾರಣ ಬೇಕು ಅನ್ನಿಸಿತ್ತು. ಹೇಳಿದ್ದೇ ತಡ ಗುಮಾಸ್ತ ಸಂತಾಪದ ಪತ್ರ ಬರೆದಿಟ್ಟಿತು. ಅದು ತುಂಬ ಚೆನ್ನಾಗಿತ್ತು. ಮೂರು ಸಲ ಓದಿದ, ಮೂರನೆಯ ಸಲ ಗಟ್ಟಿಯಾಗಿ. 'ತನ್ನನ್ನು ಪ್ರೀತಿಸುವವರ ಮಡಿಲಲ್ಲಿ ಕಣ್ಣು ಮುಚ್ಚಿದಳು' ಎಂಬಲ್ಲಿ ನಿಂತ. ಯಾರ ಮಡಿಲು ಎಂದು ಕ್ಲೈವ್ ಕೇಳುತ್ತಾನೆ. ಆ ಸಾಲನ್ನು ಅಳಿಸಿದ. ಕರೆತಂದವರು ಯಾರು ಎಂಬ ಜಾಗವನ್ನು ಖಾಲಿ ಬಿಟ್ಟ. ಓದಿದೆ, ಒಪ್ಪಿದೆ. ಈ ಯಂತ್ರ ಬಂದ ಮೇಲೆ ಇಷ್ಟು ಶ್ರದ್ಧೆಯಿಂದ ಅವನು ಒತ್ತಿದ ಗುಂಡಿ ಇದೊಂದೇ ಇರಬೇಕು.

ಬುಧವಾರ ಹತ್ತು ಗಂಟೆಗೆ ಕ್ಲೈವ್ ಬಂದ. ಟೋಪಿ ಕೈಯಲ್ಲಿತ್ತು. ಕಣ್ಣುಗಳು ಕೆಂಪಾಗಿದ್ದವು, ಅತ್ತಿದ್ದ. ಗೆಥಿನನಿಗೆ ಇದು ಅನಿರೀಕ್ಷಿತವಾಗಿತ್ತು. ಕೂಗಾಡುವ ಮನುಷ್ಯನೊಬ್ಬನಿಗೆ ಅವನು ರಾತ್ರಿಯೆಲ್ಲ ಉತ್ತರ ಸಿದ್ಧಮಾಡಿಕೊಂಡಿದ್ದ.

"ಒಂದು ಫೋನ್ ಮಾಡಿದ್ರೆ ಬರ್ತಿದ್ನಲ್ಲ. ಕೊನೇಲಿ ಒಂದ್ಸಲ ನೋಡ್ತಿದ್ದೆ," ಅಂದ ಕ್ಲೈವ್.

"ಆತುರದಲ್ಲಿ ಆಗಿ ಹೋಯ್ತು. ಕ್ಷಮಿಸಿ."

"ಬೂದಿ?"

"ಎಲ್ಲ ಒಟ್ಟಿಗೆ ಸುಡ್ತಾರೆ. ಸಿಗಲ್ಲ."

"ಯಾರು ಕರ್ಕೊಂಡ್ ಬಂದಿದ್ರು?"

"ಅದನ್ನ ಹೇಳೋ ಹಾಗಿಲ್ಲ ಕ್ಲೈವ್."

"ಆವತ್ತು ಹೇಳಿದ್ರಲ್ಲ," ಅಂದ ಕ್ಲೈವ್. ನಗಲೂ ಇಲ್ಲ, ದನಿ ಏರಿಸಲೂ ಇಲ್ಲ. ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸುತ್ತ ನಿಂತ. ಆಮೇಲೆ, "ಅವಳ ಕೊರಳಪಟ್ಟಿನಾದ್ರೂ ಕೊಡಿ. ಅಪ್ಪನ ಕಾಲದ ಕುದುರೆ ಜೀನಿನ ತೊಗಲು ಅದು, ನಾನೇ ಹೊಲ್ದಿದ್ದು," ಅಂದ.

ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಇದೆ, ತರುತ್ತೇನೆ, ಎಂದು ಗೆಥಿನ್ ಎರಡು ಬಾಗಿಲು ದಾಟಿ ಹಿಂದಿನ ಕೋಣೆಗೆ ಹೋದ. ನೆಲ್ ಎದ್ದು ಮೂರು ಕಾಲಿನ ಮೇಲೆ ನಿಂತು, ಕಿವಿ ನಿಮಿರಿಸಿ ಬಾಗಿಲನ್ನೇ ನೋಡುತ್ತ ಬಾಲ ಆಡಿಸುತ್ತಿತ್ತು. ಆ ದನಿ ಅದಕ್ಕೆ ಗೊತ್ತು. ಅದಕ್ಕೆ ಅವನ ಮೇಲೆ ಯಾವ ದೂರೂ ಇರಲಿಲ್ಲ. ಪಟ್ಟಿ ಬಿಚ್ಚಲು ಬಗ್ಗಿದಾಗ ತಾನೇ ಕತ್ತು ಚಾಚಿತು. ಪಟ್ಟಿಗೆ ಹಿತ್ತಾಳೆಯ ಬಿಲ್ಲೆಯೊಂದು ನೇತಾಡುತ್ತಿತ್ತು. ಒಂದು ಬದಿಯಲ್ಲಿ ಬೆಡೋಸ್ ಎಂಬ ಹೆಸರು, ಹಳೆಯ ಮನೆಯ ವಿಳಾಸ. ಅವನು ಬಿಲ್ಲೆಯನ್ನು ತಿರುಗಿಸಿದ. ಇನ್ನೊಂದು ಬದಿಯಲ್ಲಿ, ಮೊಳೆಯಲ್ಲೋ ಸೂಜಿಯಲ್ಲೋ ಗೀರಿದ ಒಂದು ಫೋನ್ ಸಂಖ್ಯೆ. ಸೋಮವಾರ ಅವನು ಕರೆ ಮಾಡಿದ್ದ ಸಂಖ್ಯೆ, ಗುರುವಾರ ಅವಳು ಆಸ್ಪತ್ರೆಗೆ ಕೊಟ್ಟಿದ್ದ, ಕ್ಲೈವ್‌ಗೆ ಗೊತ್ತಿಲ್ಲದ ಹೊಸ ಸಂಖ್ಯೆ. ನಾಯಿ ತಪ್ಪಿಸಿಕೊಂಡರೆ ಯಾರಾದರೂ ತಿಳಿಸಲಿ ಎಂದು ಗೀರಿದ್ದಾಳೆ. ಓದದೆ ಕೊಟ್ಟಿದ್ದರೆ, ಎಂದುಕೊಂಡ. ಇಕ್ಕಳದಿಂದ ಉಂಗುರ ಬಿಡಿಸಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ತೊಗಲಿನ ಹೊರಬದಿ ನೋಡಿದ, ಒಳಬದಿಯನ್ನು ಬೆಳಕಿಗೆ ಹಿಡಿದು ಪೂರ್ತಿ ನೋಡಿದ, ಹೊಲಿಗೆಯ ಸಂದುಗಳಲ್ಲೂ ಬೆರಳಾಡಿಸಿದ. ಎಲ್ಲೂ ಏನೂ ಬರೆದಿರಲಿಲ್ಲ. ನಾಯಿಯ ಕತ್ತಿನಲ್ಲಿ ಪಟ್ಟಿ ಇದ್ದ ಕಡೆ ಕೂದಲು ಒತ್ತಿ ಒಂದು ಗೆರೆಯಾಗಿತ್ತು. ಅದನ್ನು ಕೆದರಿ ಸರಿಮಾಡಿದ. ಹಲವು ದಿನಗಳ ನಂತರ ಮೊದಲ ಸಲ ಅವನಿಗೆ ತಾನು ಒಂದು ಕೆಲಸವನ್ನು ಸರಿಯಾಗಿ ಮಾಡಿದೆ ಅನ್ನಿಸಿ ಮನಸ್ಸು ಹಗುರಾಯಿತು.

ಕ್ಲೈವ್ ಪಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಮೂಗಿಗೆ ಹಿಡಿದ. ಕೆನ್ನೆಗೆ ಒತ್ತಿಕೊಂಡ. ಹಾಗೆ ಒತ್ತಿಕೊಂಡವನು ಅಲ್ಲಿಂದ ತೆಗೆಯದೆ ಸುಮ್ಮನೆ ನಿಂತ.

"ಬೆಚ್ಚಗಿದೆ," ಅಂದ.

"ಹೀಟರ್ ಮೇಲೆ ಇಟ್ಟಿದ್ದೆ," ಅಂದ ಗೆಥಿನ್.

ಕ್ಲೈವ್ ಕಿಟಕಿಯ ಕಡೆ ನೋಡಿದ. ಹೊರಗೆ ಜೂನ್ ತಿಂಗಳ ಬಿಸಿಲು ಕಾರುಗಳ ಮೇಲೆ ಬಿದ್ದಿತ್ತು. ಡೆಲಿತ್ ತೋಳಿಲ್ಲದ ಅಂಗಿ ಹಾಕಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದಳು.

"ಹೀಟರ್," ಅಂದ ಕ್ಲೈವ್. ಪಟ್ಟಿಯನ್ನು ಮಡಿಸಿ ಟೋಪಿಯೊಳಗಿಟ್ಟ. ಹೊರಗಿನ ಕೋಣೆಗೆ ಹೋಗಿ, ಬಾಗಿಲು ಕಾಣುವ ಹಾಗೆ ಬೆಂಚಿನ ಮೇಲೆ ಕೂತ. "ನಂಗೇನೂ ಅವಸರ ಇಲ್ಲ ಗೆಥಿನ್. ನಿಮ್ ಕೆಲ್ಸ ನೋಡ್ಕೊಳ್ಳಿ," ಅಂದ.

ಗೆಥಿನ್ ಜೇಬಿನಲ್ಲಿ ಕೈಯಿಟ್ಟ. ಬಿಲ್ಲೆ ಅಲ್ಲೇ ಇತ್ತು. ಗೀರಿದ ಅಂಕಿಗಳು ಹೆಬ್ಬೆರಳಿಗೆ ತಾಗುತ್ತಿದ್ದವು. ಇವನು ಸಂಜೆಯ ತನಕ ಕೂರುತ್ತಾನೆ, ನಾಳೆಯೂ ಬರುತ್ತಾನೆ, ನಾಯಿ ಸಿಗುತ್ತದೆ, ದೂರು ಕೊಡುತ್ತಾನೆ, ಮಡಿಲಿಲ್ಲದ ಆ ಪತ್ರವನ್ನು ಯಾರೋ ಮೇಜಿನ ಮೇಲಿಟ್ಟು ಇದು ನಿಮ್ಮದೇ ಎಂದು ಕೇಳುತ್ತಾರೆ. ಅದರಲ್ಲಿ ತನ್ನ ಹೆಸರಿದೆ, ನಾಯಿಯ ಹೆಸರಿದೆ, ನೆರಿಸ್‌ಳ ಹೆಸರು ಎಲ್ಲೂ ಇಲ್ಲ. ಕರೆತಂದವರ ಜಾಗ ಖಾಲಿ ಇದೆ. ಅದನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ ಬಾಗಿಲು ತೆರೆದು ಮುಂದಿನವರನ್ನು ಒಳಗೆ ಕರೆದ. ಮೊಲದ ಪೆಟ್ಟಿಗೆ ಹಿಡಿದ ಹೆಂಗಸೊಬ್ಬಳು ಎದ್ದಳು. ಅವಳು ಕೂತ ಮೇಲೆ, ಮೊಲವನ್ನು ಮುಟ್ಟುವ ಮುಂಚೆ, ಮೇಜಿನ ತುದಿಯ ಕಪ್ಪು ಬಿಲ್ಲೆಯನ್ನು ತೋರಿಸಿ, "ನೋಡಿ, ಇಲ್ಲಿ ಆಡಿದ್ದೆಲ್ಲ ಇದು ಕೇಳಿಸ್ಕೊಳ್ಳತ್ತೆ," ಅಂದ. ಹೆಂಗಸಿನ ಕೈ ಬಿಗಿಯಿತು. ಮೊಲ ಕಿವಿ ಹಿಂದಕ್ಕೆ ಒತ್ತಿಕೊಂಡಿತು. ಅವನು ಕಾದ.